ಸೆರಗಿನಲ್ಲಿ ಮುಚ್ಚಿಟ್ಟ ಕೆಮ್ಮು



ವರದಕ್ಷಿಣೆ, ಮನೆಯೊಳಗಿನ ಹೊಡೆತ ಬಡಿತಗಳ ಬಗ್ಗೆ ಬರೆಯುವ ನಮ್ಮ ಪತ್ರಿಕೆಯಲ್ಲಿ ಈ ಸಲ ಕ್ಷಯರೋಗದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಬಹುದು. ಒಂದು ವರ್ಷದ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ. ರೋಗಕ್ಕೆ ಆಸ್ಪತ್ರೆಯಿದೆ, ದೌರ್ಜನ್ಯಕ್ಕೆ ನಾವಿದ್ದೇವೆ ಎಂದು ಕೆಲಸ ಹಂಚಿಕೊಂಡವಳಂತೆ ಇದ್ದೆ. ಎರಡೂ ಒಂದೇ ಮನೆಯ ಒಂದೇ ಕೋಣೆಯಲ್ಲಿ ಕೂತಿರುತ್ತವೆ ಎಂಬುದು ನನಗೆ ಗೊತ್ತಾದದ್ದು ತಡವಾಗಿ. ಅದರಲ್ಲಿ ನನ್ನ ತಪ್ಪೂ ಇದೆ.

ನಾನು ತಿಂಗಳಿಗೆ ಎರಡು ಸಲ ಹೋಗುವ ಸಂಘವೊಂದು ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿದೆ. ಹತ್ತಡಿ ಉದ್ದ ಹತ್ತಡಿ ಅಗಲದ ಮನೆಗಳು, ಮೇಲೆ ಶೀಟು. ಹಿಂದಿನ ಗೋಡೆಗೆ ಇನ್ನೊಂದು ಮನೆಯ ಗೋಡೆ ಅಂಟಿಕೊಂಡಿರುವುದರಿಂದ ಕಿಟಕಿಯ ಮಾತೇ ಇಲ್ಲ. ಅದರೊಳಗೇ ಒಲೆ, ಹಾಸಿಗೆ, ಊದುಬತ್ತಿ ಹೊಸೆಯುವ ಮಣೆ. ಈ ಸಂಘಕ್ಕೆ ನಾಲ್ಕು ವರ್ಷದ ಹಿಂದೆ ಮದುವೆಯಾಗಿ ಬಂದ ಸೊಸೆಯೊಬ್ಬಳು ಬರುತ್ತಿದ್ದಳು. ಯಾವಾಗಲೂ ಬಾಗಿಲ ಹತ್ತಿರ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಕೇಳಿದರೆ, "ಏನಿಲ್ಲ ಮೇಡಂ, ಊದುಬತ್ತಿ ಪುಡಿ, ಗಂಟಲಿಗೆ ಹೋಗಿದೆ" ಎನ್ನುತ್ತಿದ್ದಳು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಬೀದಿಯ ತುದಿಯ ಮೆಡಿಕಲ್ ಶಾಪಿನಿಂದ ಕೆಮ್ಮಿನ ಸಿರಪ್ ತಂದು ಕೊಟ್ಟೆ, ಅದೂ ಎರಡು ಸಲ. ಮೂರು ತಿಂಗಳಾದ ಮೇಲೆ ಕಫದಲ್ಲಿ ರಕ್ತ ಬಂತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಡವರಿಗೆ ತಿಳಿವಳಿಕೆ ಇಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಆದರೆ ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರ ಕಫ ನೋಡುವವರಿರಲಿಲ್ಲ, ಕೈಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದರು. ಇದನ್ನು ಅಷ್ಟು ವರ್ಷ ಪಾಠ ಹೇಳಿದ ನಾನೇ ಅದೇ ಬಾಟಲಿಯನ್ನು ಆ ಹುಡುಗಿಯ ಕೈಗೆ ಕೊಟ್ಟಿದ್ದೆ.

ಕಫ ಪರೀಕ್ಷೆಯಾಯಿತು, ಕ್ಷಯ ಎಂದು ತಿಳಿಯಿತು, ಸರ್ಕಾರದ ಮಾತ್ರೆ ಶುರುವಾಯಿತು. ಪರೀಕ್ಷೆಗೂ ಮಾತ್ರೆಗೂ ಒಂದು ರೂಪಾಯಿ ಖರ್ಚಿಲ್ಲ. ಆದರೆ ಅದೇ ವಾರ ಗಂಡನ ಮನೆಯವರು ಅವಳ ಅಣ್ಣನನ್ನು ಕರೆಸಿದರು. "ರೋಗದ ಹುಡುಗೀನ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದ್ರಿ. ಔಷಧಿ ಖರ್ಚಿಗೆ ಐವತ್ತು ಸಾವಿರ ತನ್ನಿ, ಇಲ್ಲಾಂದ್ರೆ ಕರ್ಕೊಂಡು ಹೋಗಿ." ಮದುವೆಯಲ್ಲಿ ಒಪ್ಪಿ ಕೊಡಲಾಗದೆ ಉಳಿದಿದ್ದ ಬೈಕಿನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಎಂದು ಆಮೇಲೆ ತಿಳಿಯಿತು. ಪುಕ್ಕಟೆ ಮಾತ್ರೆಗೆ ಐವತ್ತು ಸಾವಿರ! ವರದಕ್ಷಿಣೆ ಈಗ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಬರುತ್ತಿದೆ.

ಅವಳು ಕೆಮ್ಮನ್ನು ಯಾಕೆ ಮುಚ್ಚಿಟ್ಟಳು ಎಂದು ಆಗ ನಮಗೆಲ್ಲ ಅರ್ಥವಾಯಿತು. ಅವಳಿಗೆ ರೋಗಕ್ಕಿಂತ ಅಣ್ಣನಿಗೆ ಹೋಗುವ ಫೋನಿನ ಭಯ ಹೆಚ್ಚಾಗಿತ್ತು. ಕ್ಷಯದ ಕಳಂಕದಿಂದ ಪ್ರತಿ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಹೆಂಡತಿ, ತಾಯಿ ಎಂಬ ಸ್ಥಾನವನ್ನೇ ಕಳೆದುಕೊಳ್ಳುತ್ತಾರೆಂದು ನಮ್ಮ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮದ ವರದಿಗಳು 2000ದ ದಶಕದಲ್ಲಿ ಬರೆದಿದ್ದವು. ಹೀಗಿರುವಾಗ ಗೋಡೆಗೆ ಎಷ್ಟು ಭಿತ್ತಿಪತ್ರ ಅಂಟಿಸಿದರೆ ಏನು ಬಂತು? ಹೆದರಿದವಳು ಮುಚ್ಚಿಡುತ್ತಾಳೆ. ಅವಳು ಮುಚ್ಚಿಟ್ಟಷ್ಟು ದಿನ ಆ ಕಿಟಕಿಯಿಲ್ಲದ ಕೋಣೆಯ ಗಾಳಿಯನ್ನೇ ಮಗುವೂ ಉಸಿರಾಡುತ್ತದೆ, ಗೋಡೆಯಾಚೆಯ ಮನೆಯವರು ಬಂದು ಕೂತರೆ ಅವರೂ ಉಸಿರಾಡುತ್ತಾರೆ. ನಾವು ಮನೆಯೊಳಗಿನ ಬೆದರಿಕೆಯನ್ನು ತಡೆಯದೆ ಕೊಳೆಗೇರಿಯಲ್ಲಿ ಕ್ಷಯವನ್ನು ತಡೆಯಲಾಗದು ಎಂದು ನಾನು ಹೇಳುತ್ತಿರುವುದು ಇದಕ್ಕೇ.

ಅವಳನ್ನು ತವರಿಗೆ ಕಳಿಸಬೇಕೆಂಬುದಕ್ಕೆ ಅತ್ತೆ ಕೊಟ್ಟ ಕಾರಣ, "ಮಗೂಗೆ ಅಂಟುತ್ತೆ" ಎಂಬುದು. ಈ ಪ್ರಶ್ನೆಗೆ ಉತ್ತರ ಸಿಕ್ಕು ಅರವತ್ತು ವರ್ಷ ದಾಟಿದೆ. 1956ರಿಂದ ಮದರಾಸಿನ ಬಡವರ ಕಿಕ್ಕಿರಿದ ಮನೆಗಳಲ್ಲೇ ಒಂದು ದೊಡ್ಡ ಪ್ರಯೋಗ ನಡೆಯಿತು. ಕೆಲವು ರೋಗಿಗಳನ್ನು ಸ್ಯಾನಿಟೋರಿಯಂನಲ್ಲಿಟ್ಟು, ಉಳಿದವರನ್ನು ಅವರವರ ಮನೆಯಲ್ಲೇ ಇಟ್ಟು ಅದೇ ಔಷಧ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ಅದರಿಂದ ರೋಗ ಹೆಚ್ಚಾಗಿ ಅಂಟಲೂ ಇಲ್ಲ. ಅಂಟಬೇಕಾದದ್ದು ಬಹುಮಟ್ಟಿಗೆ ಔಷಧ ಶುರುವಾಗುವ ಮೊದಲೇ ಅಂಟಿರುತ್ತದೆ. ಸರಿಯಾದ ಮಾತ್ರೆ ಬಿದ್ದ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ಬಹಳ ತಗ್ಗುತ್ತದೆ. ಆದ್ದರಿಂದ ಮಾತ್ರೆ ತೆಗೆದುಕೊಳ್ಳುತ್ತಿರುವ ಸೊಸೆಗಿಂತ, ಪರೀಕ್ಷೆಯೇ ಆಗದೆ ಮೂಲೆಯಲ್ಲಿ ಕೆಮ್ಮುತ್ತಿರುವವರಿಂದ ಮನೆಗೆ ಅಪಾಯ ಹೆಚ್ಚು.

ಆ ಮನೆಯಲ್ಲಿ ಅಂಥವರೊಬ್ಬರು ಇದ್ದರು. ಒಬ್ಬರಿಗೆ ಕ್ಷಯ ಬಂದರೆ ಮನೆಯವರೆಲ್ಲರನ್ನೂ ಪರೀಕ್ಷಿಸಬೇಕೆಂಬುದು ಕಾರ್ಯಕ್ರಮದ ನಿಯಮ. ಆಶಾ ಕಾರ್ಯಕರ್ತೆ ಬೆನ್ನು ಹತ್ತಿ ಒತ್ತಾಯ ಮಾಡಿದ ಮೇಲೆ ಮಾವನ ಕಫವೂ ಹೋಯಿತು. ವರ್ಷದಿಂದ ಎಲ್ಲರೂ "ಬೀಡಿ ಕೆಮ್ಮು" ಎನ್ನುತ್ತಿದ್ದದ್ದು ಕ್ಷಯವೇ ಆಗಿತ್ತು. ಯಾರಿಂದ ಯಾರಿಗೆ ಬಂತೆಂದು ಹೇಳಲಾಗದು ಎಂದರು ವೈದ್ಯರು. ಇರಲಿ. ಆದರೆ ಮಾವನಿಗೆ ಯಾರೂ ಔಷಧಿ ಖರ್ಚು ಕೇಳಲಿಲ್ಲ, ಅವರನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ. ದಿನಾ ಒಂದು ಲೋಟ ಹಾಲು, ಮೊಟ್ಟೆ ಶುರುವಾಯಿತು. ಸೊಸೆಗೆ ಮಾತ್ರ ಎಲ್ಲರದೂ ಆದ ಮೇಲೆ ಉಳಿದ ಸಾರು.

ಊಟದ ಮಾತು ಸಣ್ಣದಲ್ಲ ಸೋದರಿಯರೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಯವರು ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಕುಟುಂಬಗಳಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ಪೋಷಕಾಂಶದ ಮಾತ್ರೆ ಕೊಟ್ಟು ನೋಡಿದರು. ಹಾಗೆ ಕೊಟ್ಟ ಮನೆಗಳಲ್ಲಿ ಉಳಿದವರಿಗೆ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು. ಕೊನೆಯಲ್ಲಿ ಉಣ್ಣುವುದನ್ನು ನಾವು ಇಷ್ಟು ದಿನ ಹೆಣ್ಣಿನ ತ್ಯಾಗ ಎಂದು ಹೊಗಳಿಕೊಂಡು ಬಂದಿದ್ದೇವೆ. ಹೊಟ್ಟೆಗಿಲ್ಲದ ಶ್ವಾಸಕೋಶಕ್ಕೆ ಆ ಹೊಗಳಿಕೆ ಕೇಳಿಸುವುದಿಲ್ಲ.

ಇದಕ್ಕಾಗಿಯೇ ಸರ್ಕಾರ 2018ರಿಂದ ಚಿಕಿತ್ಸೆಯಲ್ಲಿರುವವರಿಗೆ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿ, 2024ರ ನವೆಂಬರ್‌ನಿಂದ ಅದನ್ನು 1000ಕ್ಕೆ ಏರಿಸಿತು. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಯಾರ ಖಾತೆಗೆ? ನಮ್ಮ ಹುಡುಗಿ ಕೊಟ್ಟದ್ದು ಗಂಡನ ಪಾಸ್‌ಬುಕ್ಕು. ಸಂಘದ ಉಳಿತಾಯಕ್ಕೆಂದು ತೆರೆದ ಅವಳದೇ ಖಾತೆ ಇದ್ದದ್ದು ಅವಳಿಗೆ ನೆನಪೇ ಆಗಿರಲಿಲ್ಲ! ನಮ್ಮ ಕಾರ್ಯದರ್ಶಿ ಜೊತೆಗೆ ಹೋಗಿ ಬದಲಾಯಿಸಿಕೊಟ್ಟಳು. ಈ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ನಿಮ್ಮ ಸಂಘಗಳಲ್ಲೂ ಯಾರಾದರೂ ಚಿಕಿತ್ಸೆಯಲ್ಲಿದ್ದರೆ ಮೊದಲು ಪಾಸ್‌ಬುಕ್ ನೋಡಿ.

ಸಾಲದ ಕಂತು ಎಣಿಸುವ ಹೊತ್ತಿಗೇ ಇನ್ನೊಂದು ಪ್ರಶ್ನೆ ಕೇಳಬಹುದು: ಮನೆಯಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಯಾರಿಗಿದೆ? ಸಂಜೆ ಜ್ವರ, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು ಇವೂ ಲಕ್ಷಣಗಳೇ. ಮಕ್ಕಳಾಗಲಿಲ್ಲವೆಂದು ಬೈಸಿಕೊಳ್ಳುವ ಎಷ್ಟೋ ಹೆಂಗಸರಿಗೆ ಇರುವುದು ಗರ್ಭಕೋಶದ, ಗರ್ಭನಾಳದ ಕ್ಷಯ. ಕೆಮ್ಮೇ ಇರುವುದಿಲ್ಲ, "ಬಂಜೆ" ಎಂಬ ಮಾತು ಮಾತ್ರ ಇರುತ್ತದೆ. ಇದನ್ನು ಇನ್ನೊಂದು ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತೇನೆ. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣ. ಅದೇ ಔಷಧ ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಗುಳಿಗೆ ನುಂಗುವವರು ಬೇರೆ ಉಪಾಯವನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ಇದನ್ನು ಅವರಾಗಿ ಹೇಳುವವರು ಕಡಿಮೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ಎರಡು ತಿಂಗಳಲ್ಲಿ ಮೈ ಹಗುರಾಯಿತೆಂದು ನಿಲ್ಲಿಸಿದರೆ ರೋಗ ಮಾತ್ರೆಗೆ ಬಗ್ಗದಂತಾಗಿ ಮರಳಬಹುದು. ಮನೆಯಲ್ಲಿ ಮಾತ್ರೆ ಇಡಲು ಹೆದರಿಕೆ ಇದ್ದರೆ, ದಿನಾ ಮಾತ್ರೆ ನುಂಗಿಸುವ ಜವಾಬ್ದಾರಿಯನ್ನು ಮನೆಯವರೇ ಹೊರಬೇಕೆಂದಿಲ್ಲ, ಸಂಘದ ಸದಸ್ಯೆಯೂ ಹೊರಬಹುದು.

ಇನ್ನು ಆ ಐವತ್ತು ಸಾವಿರ. ಹಿಂದೂ ವಿವಾಹ ಕಾಯ್ದೆಯ ವಿಚ್ಛೇದನದ ಕಾರಣಗಳಲ್ಲಿ ಕ್ಷಯದ ಹೆಸರಿಲ್ಲ. ಹಿಂದೆ ಅಲ್ಲಿದ್ದ ಕುಷ್ಠರೋಗವನ್ನೂ 2019ರಲ್ಲಿ ತೆಗೆದುಹಾಕಿದರು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ 17ನೇ ಕಲಮಿನಂತೆ ಹೆಂಡತಿಗೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕಿದೆ, ಕಾನೂನಿನ ದಾರಿಯಲ್ಲದೆ ಅವಳನ್ನು ಹೊರಹಾಕುವಂತಿಲ್ಲ. ಹಣಕ್ಕಾಗಿ ಪೀಡಿಸುವುದು ಹಿಂದೆ 498ಎ ಆಗಿತ್ತು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು. ಇಷ್ಟನ್ನೂ ನಾವು ಏಳು ಜನ ಹೆಂಗಸರು ಆ ಮನೆಯ ಹೊಸ್ತಿಲಲ್ಲಿ ಕೂತು ಹೇಳಿದೆವು. ಪೊಲೀಸ್ ಠಾಣೆಗೆ ಹೋಗಲಿಲ್ಲ, ಅವಳೇ ಬೇಡವೆಂದಳು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಆ ಮನೆಯಲ್ಲಿ ರಾತ್ರಿ ಮಲಗಬೇಕಾದವಳು ಅವಳು, ನಾನಲ್ಲ.

ಅಣ್ಣ ಹಣ ತರಲಿಲ್ಲ. ಅವಳು ಅಲ್ಲೇ ಇದ್ದಾಳೆ, ಐದನೇ ತಿಂಗಳ ಮಾತ್ರೆ ನಡೆದಿದೆ, ನಾಲ್ಕು ಕೆ.ಜಿ. ತೂಕ ಹೆಚ್ಚಿದೆ. ಹಣದ ಮಾತು ಪೂರ್ತಿ ನಿಂತಿಲ್ಲ, ಹಬ್ಬದ ಹೊತ್ತಿಗೆ ಮತ್ತೆ ಎದ್ದಿತ್ತು. ಮಗುವಿಗೆ ರೋಗ ಬರದಂತೆ ತಡೆಯುವ ಔಷಧ ಶುರುವಾಗಿದೆ. ಅತ್ತೆಯ ಪರೀಕ್ಷೆ ಮಾತ್ರ ಇನ್ನೂ ಆಗಿಲ್ಲ. "ನನಗೇನಾಗಿದೆ ಬಿಡಿ" ಎನ್ನುತ್ತಾರೆ, ಎಂದು ಕೆಮ್ಮುತ್ತಾರೆ. ಮುಂದಿನ ಗುರುವಾರ ಅವರ ವಯಸ್ಸಿನವರೇ ಆದ ಇಬ್ಬರು ಸದಸ್ಯೆಯರು ಮತ್ತು ನಾನು ಅವರನ್ನು ಕರೆದುಕೊಂಡು ಹೋಗುವವರಿದ್ದೇವೆ.