ಹೂಮಳೆಯ ಕಾಲಕ್ಕೆ ಬರುವ ಅತಿಥಿಗಳಿಗೆ ನಾವು ಹೇಳಬೇಕಾದ ಮಾತು



ಬಸವಕಲ್ಯಾಣದಲ್ಲಿರುವ ನನ್ನ ಕಾಲೇಜು ಗೆಳೆಯರ ಮಗನಿಂದ ಮೊನ್ನೆ ಒಂದು ಪತ್ರ ಬಂದಿದೆ. "ಕಾಕಾ, ಯುಗಾದಿ ಮುಗಿಸಿಕೊಂಡು ನಾವು ನಾಲ್ಕು ಮಂದಿ ಮೋಟಾರು ಸೈಕಲ್ ಮ್ಯಾಲ ನಿಮ್ಮ ಕಡೆ ಬರಬೇಕಂತ ಮಾಡೀವಿ. ಕಾಫಿ ಹೂವು ನೋಡಬೇಕು, ಘಟ್ಟ ಇಳಿದು ಹತ್ತಬೇಕು. ಈ ಹಾಳಿ ನೋಡಿ ತಿದ್ದಿ ಕಳಸ್ರಿ" ಎಂದು ಬರೆದಿದ್ದಾನೆ.

ಹಾಳೆಯಲ್ಲಿ ಅವರ ಯೋಜನೆ ಅಚ್ಚುಕಟ್ಟಾಗಿದೆ. ಮೊದಲ ದಿನ ಹುಮ್ನಾಬಾದ್, ಕಲಬುರಗಿ, ವಿಜಯಪುರ, ಹೊಸಪೇಟೆ ದಾಟಿ ಚಿತ್ರದುರ್ಗ. ಎರಡನೆಯ ದಿನ ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಕೊಟ್ಟಿಗೆಹಾರ, ಚಾರ್ಮಾಡಿ ಘಟ್ಟ. ಮೂರನೆಯ ದಿನ ಕುದುರೆಮುಖದ ಮೇಲೆ ಹತ್ತಿ ಶೃಂಗೇರಿ, ಆಗುಂಬೆ. ನಾಲ್ಕನೆಯ ದಿನ ವಾಪಸು ಹೊರಡುವುದು. ಒಂದೊಂದರ ಮುಂದೆಯೂ ಕಿಲೋಮೀಟರು ಬರೆದಿದ್ದಾನೆ. ಕೊನೆಗೊಂದು ಸಾಲು: ದಿನವೂ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ವಿಶ್ರಾಂತಿ, ನಾಲ್ಕರಿಂದ ಏಳರವರೆಗೆ ಮತ್ತೆ ಪ್ರಯಾಣ.

ಆ ಕೊನೆಯ ಸಾಲು ಓದಿ ನನ್ನ ಎದೆ ಧಸಕ್ಕೆಂದಿತು. ಕಾರಣವನ್ನು ಹೇಳುತ್ತೇನೆ.

2019ರ ಏಪ್ರಿಲ್‌ನಲ್ಲಿ ಇದೇ ಗೆಳೆಯರ ಮನೆಯ ಮದುವೆಗೆಂದು ನಾನು ಆ ಕಡೆ ಹೋಗಿದ್ದೆ. ಹುಮ್ನಾಬಾದಿನಲ್ಲಿ ಬಸ್ಸಿಳಿದು, ಅವರ ಸಂಬಂಧಿಕರ ಮೋಟಾರು ಸೈಕಲ್ ಪಡೆದು ಬಸವಕಲ್ಯಾಣದ ದಾರಿ ಹಿಡಿಯುವಾಗ ಹಗಲು ಹನ್ನೆರಡೂವರೆ. ಚಹಾ ಅಂಗಡಿಯ ಹಿರಿಯರೊಬ್ಬರು ನನ್ನನ್ನು ತಡೆದರು. "ಈ ಬಿಸಿಲಾಗ ಎಲ್ಲಿಗಿ ಹೊಂಟೀರಿ ಸಾಹೇಬ್ರ? ಕೂಡ್ರಿ, ನೀರು ಕುಡೀರಿ. ನಾಕಕ್ಕ ಹೋಗೀರಂತ" ಎಂದರು. ನಾನು ಕೂತೆ. ಸುತ್ತಲಿನ ಹೊಲಗಳು ಕಾದ ಹಂಚಿನ ಹಾಗಿದ್ದವು. ಆ ಸೀಮೆಯಲ್ಲಿ ಏಪ್ರಿಲ್ ಬಿಸಿಲು ನಲವತ್ತು ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ನಾಲ್ಕರ ಮೇಲೆ ಹೊರಟವನು ಸುಖವಾಗಿ ಊರು ಸೇರಿದೆ. ಆ ಹಿರಿಯರಿಗೆ ನಾನು ಯಾರೋ ಏನೋ. ಆದರೂ ತಮ್ಮ ನೆಲದ ತಿಳಿವಳಿಕೆಯನ್ನು ಹೊರಗಿನವನಿಗೆ ಹೇಳುವುದು ತಮ್ಮ ಕೆಲಸವೆಂದು ಅವರು ತಿಳಿದಿದ್ದರು.

ಈಗ ನನ್ನ ಕಥೆ ಕೇಳಿ. 2022ರ ಏಪ್ರಿಲ್‌ನಲ್ಲಿ ಬಯಲುಸೀಮೆಯ ಪರಿಚಿತರೊಬ್ಬರ ಮಗ ಮೋಟಾರು ಸೈಕಲ್‌ನಲ್ಲಿ ಕಳಸಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದ. ಬೆಳಗಿನ ಹತ್ತು ಗಂಟೆ. ಹೊರಡುತ್ತೇನೆಂದವನನ್ನು "ಊಟ ಮಾಡದೆ ಕಳಿಸುವುದುಂಟೇ" ಎಂದು ಕೂರಿಸಿದವನು ನಾನು. ಊಟವಾಯಿತು, ಒಂದು ನಿದ್ದೆಯೂ ಆಯಿತು. ಮೂರೂಮುಕ್ಕಾಲಿಗೆ ಹೊರಟ. ರಸ್ತೆ ಹೇಗಿದೆ ಎಂದು ಕೇಳಿದ, ಚೆನ್ನಾಗಿದೆ ಎಂದೆ. ನಾಲ್ಕೂವರೆಯೊಳಗೆ ಗುಡುಗಿ ಮಳೆ ಹೊಯ್ಯಿತು. ಎರಡು ಮೈಲಿ ಆಚೆಯ ತಿರುವಿನಲ್ಲಿ ಗಾಡಿ ಜಾರಿ ಅವನ ಭುಜದ ಎಲುಬು ಮುರಿಯಿತು. ನೆರೆಯ ತೋಟದವರ ಜೀಪು ಸಿಕ್ಕಿದ್ದು ಪುಣ್ಯ.

ರಾತ್ರಿ ಅವನ ತಾಯಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಮಳಿ ಬರ್ತದಂತ ನಿಮಗ ಗೊತ್ತಿರಲಿಲ್ಲೇನ್ರಿ ಅಣ್ಣಾರ?"

ಗೊತ್ತಿತ್ತು. ಬೆಳಿಗ್ಗೆಯಿಂದಲೇ ಸೆಖೆ ನೋಡಿ, ಇವತ್ತಾದರೂ ಹೂಮಳೆ ಆದೀತೆಂದು ಆಸೆಯಿಂದ ಆಕಾಶ ನೋಡುತ್ತಿದ್ದವನು ನಾನು. ಮರುದಿನ ಮಳೆ ಮಾಪಕದಲ್ಲಿ ಒಂದು ಇಂಚು ಹತ್ತು ಸೆಂಟು ಇತ್ತು, ಒಳ್ಳೆಯ ಮಳೆ. ನನ್ನ ತೋಟಕ್ಕೆ ಬೇಕಾದ ಮಳೆ ಆ ಹುಡುಗನ ದಾರಿಯ ಮೇಲೂ ಬೀಳುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಬಸವಕಲ್ಯಾಣದ ಹುಡುಗರ ತಪ್ಪೂ ಇಲ್ಲಿಯೇ ಇದೆ, ಅದು ಅವರ ತಪ್ಪೂ ಅಲ್ಲ. ಮಧ್ಯಾಹ್ನ ಕೂತು ಸಂಜೆ ಹೊರಡುವುದು ಅವರ ನೆಲದಲ್ಲಿ ವಿವೇಕ. ಚೈತ್ರ ವೈಶಾಖದ ಮಲೆನಾಡಿನಲ್ಲಿ ಅದೇ ಅಪಾಯ. ನಮ್ಮ ಮುಂಗಾರುಪೂರ್ವದ ಮಳೆ ಸಾಮಾನ್ಯವಾಗಿ ಹಗಲಿನ ಕಾವೆಲ್ಲ ಏರಿದ ಮೇಲೆ, ಮಧ್ಯಾಹ್ನ ಕಳೆದು ಸಂಜೆಯೊಳಗೆ ಬರುವಂಥದು. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಧೂಳು, ಎಣ್ಣೆ, ತರಗೆಲೆ ಕೂತಿರುತ್ತವೆ. ಮೊದಲ ಅರ್ಧ ಗಂಟೆಯ ಮಳೆಗೆ ಇವೆಲ್ಲ ಸೇರಿ ಲೋಳೆಯಾಗುತ್ತದೆ. ಆಷಾಢದ ತೊಳೆದ ರಸ್ತೆಗಿಂತ ಏಪ್ರಿಲ್‌ನ ಮೊದಲ ಮಳೆಯ ರಸ್ತೆಯೇ ದ್ವಿಚಕ್ರದವರಿಗೆ ಹೆಚ್ಚು ಕೆಟ್ಟದ್ದು.

ಇನ್ನು ಕಿಲೋಮೀಟರಿನ ಲೆಕ್ಕ. ಹುಮ್ನಾಬಾದೂ ಆಗುಂಬೆಯೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, ಎರಡೂ 600 ಮೀಟರಿಗೆ ಮೇಲೆ. ಎತ್ತರ ಒಂದೇ ಆದರೂ ದಾರಿ ಒಂದೇ ಅಲ್ಲ. ಹುಮ್ನಾಬಾದಿನ ಮುಂದೆ ಬಯಲು ಹರಡಿದೆ, ಆಗುಂಬೆಯ ಮುಂದೆ ನೆಲವೇ ಮುಗಿದು ಹದಿನಾಲ್ಕು ತಿರುವುಗಳಲ್ಲಿ ಕೆಳಗಿಳಿಯುತ್ತದೆ. ಮಳೆಯಲ್ಲಂತೂ ಹೋಲಿಕೆಯೇ ಇಲ್ಲ. ಬೀದರ್ ಜಿಲ್ಲೆಗೆ ವರ್ಷದಲ್ಲಿ ಬೀಳುವುದು 900 ಮಿಲಿಮೀಟರಿನ ಒಳಗೆ, ಆಗುಂಬೆಯಲ್ಲಿ ಅದು 7000 ದಾಟುತ್ತದೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹುಮ್ನಾಬಾದಿನಿಂದ ಚಿತ್ರದುರ್ಗಕ್ಕೆ ಐನೂರು ಕಿಲೋಮೀಟರಿಗೂ ಮೀರಿದ ದಾರಿಯಿದೆ. ಅದನ್ನು ಒಂದೇ ದಿನ ಓಡಿಸಿ, ಮರುದಿನ ದಣಿದ ಮೈಯಲ್ಲಿ ಘಟ್ಟ ಇಳಿಯುವುದು ಸರಿಯಲ್ಲ. ಘಟ್ಟದಲ್ಲಿ ದೂರವನ್ನು ಗಂಟೆಯಲ್ಲಿ ಎಣಿಸಬೇಕು. ಫೋನಿನ ನಕ್ಷೆ ತೋರಿಸುವ ಸಮಯಕ್ಕೆ ಅರ್ಧ ಸೇರಿಸಿಕೊಂಡರೆ ಕ್ಷೇಮ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿದ್ದು ನಮಗೆ ನೆನಪಿದೆ. ಯಾವ ತಿರುವು ಯಾವಾಗ ಹಾಳಾಗಿದೆ ಎಂಬುದು ನಕ್ಷೆಗಿಂತ ದಿನವೂ ಹಾಲು ತರುವವನಿಗೆ ಚೆನ್ನಾಗಿ ಗೊತ್ತು.

ಹೂವಿನ ವಿಷಯದಲ್ಲಿಯೂ ಅವರು ತಾರೀಖು ಗೊತ್ತುಮಾಡಿಕೊಂಡಿದ್ದಾರೆ. ಕಾಫಿ ಹೂವು ಪಂಚಾಂಗ ನೋಡಿ ಅರಳುವುದಿಲ್ಲ. ಇಂಚಿನಷ್ಟು ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳಿ, ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಸ್ಪ್ರಿಂಕ್ಲರ್ ಹಾಕಿದ ರೋಬಸ್ಟಾ ತೋಟಗಳಲ್ಲಿ ಯುಗಾದಿಗೆ ಮೊದಲೇ ಹೂವು ಮುಗಿದಿರುವುದೂ ಉಂಟು. ಆದ್ದರಿಂದ ಹುಡುಗನಿಗೆ ಹೀಗೆ ಬರೆದಿದ್ದೇನೆ: "ಗಾಡಿ ಸಿದ್ಧ ಮಾಡಿಟ್ಟುಕೊಂಡಿರು, ತಾರೀಖು ಹಾಕಬೇಡ. ನಮ್ಮಲ್ಲಿ ಮಳೆಯಾದ ರಾತ್ರಿಯೇ ಫೋನು ಮಾಡುತ್ತೇನೆ. ಆರನೆಯ ದಿನ ಹೊರಡಿ. ವಿಜಯಪುರದಲ್ಲಿ ಒಂದು ರಾತ್ರಿ, ಚಿತ್ರದುರ್ಗದಲ್ಲಿ ಒಂದು ರಾತ್ರಿ ಇರಿ. ವಿಜಯಪುರದವರೆಗೆ ನಿಮ್ಮ ಊರಿನ ಪದ್ಧತಿ, ಚಿತ್ರದುರ್ಗ ದಾಟಿದ ಮೇಲೆ ನಮ್ಮದು. ಬೆಳಿಗ್ಗೆ ಆರೂವರೆಗೆ ಹೊರಟು ಮಧ್ಯಾಹ್ನ ಎರಡಕ್ಕೆ ತಂಗುವ ಊರು ಸೇರಿರಬೇಕು. ಒಂದು ದಿನಕ್ಕೆ ಒಂದೇ ಘಟ್ಟ. ಹತ್ತಲು ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಬರೀ ಬ್ರೇಕು ನಂಬಬೇಡಿ. ಹತ್ತುವ ಗಾಡಿಗೆ ದಾರಿ ಬಿಡಿ. ಕುದುರೆಮುಖದ ಕಾಡಿಗೆ ಹೋಗುವ ಮೊದಲು ಪೆಟ್ರೋಲು ತುಂಬಿಸಿ, ಅಲ್ಲಿ ಫೋನು ಸಿಕ್ಕೀತೆಂದು ನಂಬಬೇಡಿ. ಮುಳ್ಳಯ್ಯನಗಿರಿಗೆ ಹೋಗುವ ಮೊದಲು ಜಿಲ್ಲಾಡಳಿತದ ಸೂಚನೆ ಏನಿದೆ ಎಂದು ವಿಚಾರಿಸಿ. ಊಟಕ್ಕೆ ಯಾರು ಕೂರಿಸಿದರೂ, ನಾನೇ ಕೂರಿಸಿದರೂ, ಮಧ್ಯಾಹ್ನದ ಮೇಲೆ ಹೊರಡಬೇಡಿ. ಅಲ್ಲಿಯೇ ರಾತ್ರಿ ಉಳಿಯಿರಿ."

ಇದು ಒಬ್ಬ ಹುಡುಗನಿಗೆ ಬರೆದ ಉತ್ತರ. ಕೇಳದೆ ಬರುವವರ ಗತಿಯೇನು? ಈಗೀಗ ಈ ದಿನಗಳಲ್ಲಿ ನಮ್ಮ ರಸ್ತೆಗಳಲ್ಲಿ ಹೊರಗಿನ ಮೋಟಾರು ಸೈಕಲ್‌ಗಳು ಸಾಲುಗಟ್ಟಿ ಹೋಗುವುದನ್ನು ನಾವೆಲ್ಲ ನೋಡುತ್ತಿದ್ದೇವೆ. "ನಮಗೇಕೆ ಆ ಉಸಾಬರಿ? ತೋಟಕ್ಕೆ ನುಗ್ಗಿ ಹೂವಿನ ರೆಕ್ಕೆ ಮುರಿಯುತ್ತಾರೆ, ಲೈನಿನ ಮಕ್ಕಳು ಆಡುವ ದಾರಿಯಲ್ಲಿ ಹಾರಿಸಿಕೊಂಡು ಹೋಗುತ್ತಾರೆ" ಎಂದು ಕಳೆದ ಸಭೆಯಲ್ಲಿ ಕೆಲವು ಸದಸ್ಯರು ಹೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಏಪ್ರಿಲ್‌ನಲ್ಲಿ ಫೋಟೋಕ್ಕೆಂದು ಮುರಿದ ರೆಕ್ಕೆಯಲ್ಲಿ ಮುಂದಿನ ಕೊಯ್ಲಿನ ಹಣ್ಣಿತ್ತು ಎಂಬುದು ಬಯಲಿನವರಿಗೆ ತಿಳಿಯದು. ಆದರೆ ತಿಳಿಸಿದವರು ಯಾರು? ಬೈದದ್ದುಂಟು, ಬೇಲಿ ಬಿಗಿಮಾಡಿದ್ದುಂಟು. ತೊಗರಿ ಹೂವಾದಾಗ ಹೊಲಕ್ಕೆ ನುಗ್ಗಬಾರದೆಂದು ಬಸವಕಲ್ಯಾಣದ ರೈತನ ಮಗನಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಮಾತು ಇಲ್ಲಿಗೂ ಸಲ್ಲುತ್ತದೆಂದು ಒಮ್ಮೆ ಹೇಳಿದರೆ ಅವನಿಗೆ ಅರ್ಥವಾಗುತ್ತದೆ.

ಇದಕ್ಕೆ ನನ್ನ ಸಲಹೆ ಸಣ್ಣದು, ಖರ್ಚಿಲ್ಲದ್ದು. ನಮ್ಮ ಸಂಘದ ಕಚೇರಿಯ ಮುಂದೆ ಅಡಿಕೆ, ಕಾಫಿ ಧಾರಣೆ ಬರೆಯುವ ಕಪ್ಪು ಹಲಗೆಯಿದೆ. ಫೆಬ್ರವರಿ ಕೊನೆಯಿಂದ ಮೇ ಕೊನೆಯವರೆಗೆ ಅದರ ಒಂದು ಮೂಲೆಯಲ್ಲಿ ನಾಲ್ಕು ಸಾಲು ಬರೆಯೋಣ: ನಿನ್ನೆ ಬಿದ್ದ ಮಳೆ, ಜಾರುವ ಅಥವಾ ಕುಸಿದ ರಸ್ತೆ, ಹೂವು ಎಲ್ಲಿದೆ, ಮಧ್ಯಾಹ್ನ ಎರಡರ ಮೇಲೆ ಘಟ್ಟ ಇಳಿಯಬೇಡಿ. ಮಳೆಯ ಲೆಕ್ಕವನ್ನು ನಾವು ಹೇಗೂ ನಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಬೆಳಿಗ್ಗೆ ಕಚೇರಿಗೆ ಒಂದು ಫೋನು ಮಾಡಿ ತಿಳಿಸಿದರೆ ಸಾಕು. ಅದು ನಮ್ಮ ಜೀಪು ಚಾಲಕರಿಗೂ, ಸಂಜೆ ಶಾಲೆಯಿಂದ ಬರುವ ಮಕ್ಕಳಿಗೂ ಉಪಯೋಗವೇ.

ನಮ್ಮ ಮಲೆನಾಡಿನ ಉಡುತಡಿಯಿಂದ ಅಕ್ಕಮಹಾದೇವಿ 12ನೆಯ ಶತಮಾನದಲ್ಲಿ ಗುರುತಿಲ್ಲದ ಸೀಮೆ ದಾಟಿ ಕಲ್ಯಾಣ ಸೇರಿದಳು. ಆ ಕಲ್ಯಾಣದಿಂದ ಈಗ ನಾಲ್ಕು ಮಂದಿ ಹುಡುಗರು ನಮ್ಮ ಕಡೆ ಹೊರಟಿದ್ದಾರೆ. ಹುಮ್ನಾಬಾದಿನ ಆ ಹಿರಿಯರು ನನಗೆ ಹೇಳಿದ್ದು ಎರಡೇ ಮಾತು, ಕೊಟ್ಟದ್ದು ಒಂದು ತಂಬಿಗೆ ನೀರು. ಅಷ್ಟನ್ನಾದರೂ ನಾವು ಮರಳಿಸಬೇಕಲ್ಲವೇ? ಹಲಗೆಯ ವಿಷಯವನ್ನು ಮುಂದಿನ ಮಾಸಿಕ ಸಭೆಯಲ್ಲಿ ಮಂಡಿಸುತ್ತೇನೆ. ಸದಸ್ಯರು ತಪ್ಪದೆ ಬಂದು ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ