ಸಹಿ ಹಾಕುವ ಮುನ್ನ



ಸರಕಾರಿ ಶಾಲೆಯಲ್ಲಿ ಮಕ್ಕಳನ್ನು ಓದಿಸುವ ನಿಮ್ಮಲ್ಲಿ ಕೆಲವರಾದರೂ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆಯರಾಗಿರುತ್ತೀರಿ. ಆಯ್ಕೆಯ ದಿನ "ಮಹಿಳೆಯರ ಸಂಖ್ಯೆ ಭರ್ತಿಯಾಗಬೇಕು, ನಿಮ್ಮ ಹೆಸರು ಬರೆದುಕೊಳ್ಳುತ್ತೇವೆ" ಎಂದು ಯಾರೋ ಹೇಳಿರುತ್ತಾರೆ. ನೀವು ಸಂಕೋಚದಿಂದ ತಲೆಯಾಡಿಸಿರುತ್ತೀರಿ. ಆ ಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಒಂದು ಸಂಜೆ ಮಗುವಿನ ಕೈಯಲ್ಲೇ ಸಭೆಯ ಪುಸ್ತಕ ಮನೆಗೆ ಬರುತ್ತದೆ. "ಉಮ್ಮಾ, ಇಲ್ಲಿ ಸಹಿ ಹಾಕಬೇಕಂತೆ." ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ಕೈ ಒರೆಸಿಕೊಂಡು ಸಹಿ ಹಾಕಿ ಕಳಿಸಿಬಿಡುತ್ತೀರಿ.

ಆ ಪುಟದಲ್ಲಿ ಏನು ಬರೆದಿತ್ತು? ಹೆಚ್ಚಾಗಿ ಅದೊಂದು ಠರಾವು. ಶಾಲೆಗೆ ಸರಕಾರದಿಂದ ಇಷ್ಟು ಅನುದಾನ ಬಂದಿದೆ, ಇಂತಿಂಥದ್ದಕ್ಕೆ ಇಷ್ಟಿಷ್ಟು ಖರ್ಚಾಗಿದೆ, ಸಮಿತಿ ಇದನ್ನು ನೋಡಿ ಒಪ್ಪಿದೆ ಎಂಬ ಮಾತು ಅಲ್ಲಿರುತ್ತದೆ. ನೋಡಿದವರು ಯಾರು? ಕಾಗದದ ಪ್ರಕಾರ ನೀವು. ನಾಳೆ ಲೆಕ್ಕಪರಿಶೋಧಕರು ಬಂದು ಕುಳಿತಾಗ ಅವರ ಮುಂದೆ ನಿಮ್ಮ ಹೆಸರು ಇರುತ್ತದೆಯೇ ಹೊರತು ಕುದಿಯುತ್ತಿದ್ದ ಸಾರು ಇರುವುದಿಲ್ಲ.

ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲಿ ಆರಂಭವಾದವು. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇರೆಗೆ ಸರಕಾರ ಇದನ್ನು ಜಾರಿಗೆ ತಂದಿತು. ಶಾಲೆಯನ್ನು ನೋಡಿಕೊಳ್ಳುವ ಕೆಲಸ ಇಲಾಖೆಯೊಂದರದ್ದೇ ಅಲ್ಲ, ಮಕ್ಕಳ ತಂದೆತಾಯಂದಿರದ್ದೂ ಹೌದು ಎಂಬುದು ಅದರ ಆಶಯ. ಬಳಿಕ 2009ರ ಶಿಕ್ಷಣ ಹಕ್ಕು ಕಾಯಿದೆ ಇದಕ್ಕೆ ಇನ್ನಷ್ಟು ಗಟ್ಟಿಯಾದ ನೆಲೆ ಒದಗಿಸಿತು. ಕಾಯಿದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. ಸರಕಾರದಿಂದಾಗಲಿ ಸ್ಥಳೀಯ ಸಂಸ್ಥೆಯಿಂದಾಗಲಿ ಬೇರಾವುದೇ ಮೂಲದಿಂದಾಗಲಿ ಬಂದ ಅನುದಾನ ಹೇಗೆ ಬಳಕೆಯಾಗುತ್ತಿದೆ ಎಂದು ಗಮನಿಸುವುದು ಸಮಿತಿಯ ಕರ್ತವ್ಯಗಳಲ್ಲಿ ಒಂದೆಂದು ಅಲ್ಲೇ ಬರೆದಿದೆ. ಆದ್ದರಿಂದ ಲೆಕ್ಕ ಕೇಳುವ ತಾಯಿ ಯಾರ ಮೇಲೂ ಅನುಮಾನಪಟ್ಟಂತೆ ಆಗುವುದಿಲ್ಲ. ಅವಳು ತನಗೆ ವಹಿಸಿದ ಕೆಲಸವನ್ನು ಮಾಡುತ್ತಿದ್ದಾಳೆ, ಅಷ್ಟೇ.

ಪವಿತ್ರ ಕುರ್‌ಆನ್‌ನ ಅತಿ ದೀರ್ಘವಾದ ಸೂಕ್ತ ಯಾವುದು ಎಂದು ಮದ್ರಸದ ಮಕ್ಕಳನ್ನು ಕೇಳಿ ನೋಡಿ, ಅಲ್‌ಬಕರಃದ 282ನೇ ಸೂಕ್ತ ಎಂದು ಥಟ್ಟನೆ ಹೇಳುತ್ತಾರೆ. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನು ಇಟ್ಟುಕೊಳ್ಳುವುದು ಅದರ ವಿಷಯ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ ಎಂಬ ಆದೇಶ ಅದರಲ್ಲಿದೆ. ಆ ಸಾಕ್ಷಿಗಳ ಸಾಲಿನಲ್ಲಿ ಸ್ತ್ರೀಯರ ಉಲ್ಲೇಖವೂ ಇದೆ ಎಂಬುದನ್ನು ಗಮನಿಸಿ. ಹಣದ ಮಾತು ಗಂಡಸರಿಗೇ ಬಿಟ್ಟದ್ದು ಎನ್ನುವವರು ಈ ಸೂಕ್ತವನ್ನು ಇನ್ನೊಮ್ಮೆ ಓದಬೇಕು. ಅನ್ನಿಸಾಅ್ ಅಧ್ಯಾಯದ 6ನೇ ಸೂಕ್ತದಲ್ಲಿ ಅನಾಥರ ಸೊತ್ತನ್ನು ಅವರಿಗೆ ಒಪ್ಪಿಸುವಾಗ ಸಾಕ್ಷಿಗಳಿರಲಿ ಎಂಬ ಆದೇಶವಿದೆ. ಅದು ಕಳ್ಳ ಪೋಷಕನಿಗೆ ಮಾತ್ರ ಹೇಳಿದ್ದಲ್ಲ, ಪ್ರಾಮಾಣಿಕನಿಗೂ ಹೇಳಿದ್ದು. ಶಾಲೆಯ ಹಣವೂ ಮಕ್ಕಳ ಹಣವೇ ತಾನೇ? ಆ ಮಕ್ಕಳಲ್ಲಿ ಯತೀಮರೂ ಇದ್ದಾರೆ.

ಈಗ ಹಣದ ಮಾತಿಗೆ ಬರೋಣ. 2018ರಲ್ಲಿ ಕೇಂದ್ರ ಸರಕಾರ ಸರ್ವ ಶಿಕ್ಷಾ ಅಭಿಯಾನ ಮುಂತಾದ ಹಳೆಯ ಯೋಜನೆಗಳನ್ನು ಸೇರಿಸಿ ಸಮಗ್ರ ಶಿಕ್ಷಣ ಎಂಬ ಒಂದೇ ಯೋಜನೆ ಮಾಡಿತು. ಅದರಡಿ ಪ್ರತಿ ಸರಕಾರಿ ಶಾಲೆಗೆ ವಾರ್ಷಿಕ ಸಂಯುಕ್ತ ಶಾಲಾ ಅನುದಾನವಿದೆ. ಇದನ್ನು ಮಕ್ಕಳ ಸಂಖ್ಯೆಯ ಮೇಲೆ ನಿಗದಿ ಮಾಡುತ್ತಾರೆ. ಪರಿಷ್ಕೃತ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ. 10ನ್ನು ಸ್ವಚ್ಛತೆಗಾಗಿ ಖರ್ಚು ಮಾಡಬೇಕು. ಕ್ರೀಡಾ ಸಾಮಗ್ರಿಗೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿಯವರೆಗೆ ಪ್ರತ್ಯೇಕವಾಗಿದೆ. ಗ್ರಂಥಾಲಯಕ್ಕೂ ಬೇರೆ ಹಣವಿದೆ. ಇವೆಲ್ಲ ಮಾರ್ಗಸೂಚಿಯ ಅಂಕೆಗಳು. ನಿಮ್ಮ ಶಾಲೆಗೆ ಈ ವರ್ಷ ನಿಜವಾಗಿ ಎಷ್ಟು ಬಂತೆಂಬುದನ್ನು ಬ್ಯಾಂಕಿನ ಲೆಕ್ಕವೇ ಹೇಳಬೇಕು.

ಹತ್ತು ಸಾವಿರ, ಇಪ್ಪತ್ತೈದು ಸಾವಿರ ಎಂದರೆ ಈ ಕಾಲದಲ್ಲಿ ದೊಡ್ಡ ಮೊತ್ತವಲ್ಲ ಎನ್ನಬಹುದು. ಆದರೆ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಲು ಎಷ್ಟು ಬೇಕು? ಕೆಟ್ಟುಹೋದ ನಲ್ಲಿ ಬದಲಿಸಲು? ಏಳನೇ ತರಗತಿಗೆ ಬಂದ ಹುಡುಗಿ ತಿಂಗಳಲ್ಲಿ ನಾಲ್ಕು ದಿನ ಶಾಲೆ ತಪ್ಪಿಸುತ್ತಾಳೆ. ಮೊದಲು ನಾಲ್ಕು ದಿನ, ಬಳಿಕ ವಾರ, ಕೊನೆಗೆ "ಓದಿದ್ದು ಸಾಕು" ಎಂಬ ತೀರ್ಮಾನ ಮನೆಯಲ್ಲೇ ಆಗಿಬಿಡುತ್ತದೆ. ನಮ್ಮ ಸಮುದಾಯದ ಹೆಣ್ಣುಮಕ್ಕಳು ಶಾಲೆ ಬಿಡುವುದಕ್ಕೆ ಬಡತನ, ಬೇಗ ಮದುವೆ ಎಂದು ದೊಡ್ಡ ದೊಡ್ಡ ಕಾರಣಗಳನ್ನು ಪಟ್ಟಿ ಮಾಡುತ್ತೇವೆ. ನೂರಿನ್ನೂರು ರೂಪಾಯಿಯ ಚಿಲಕವನ್ನು ಆ ಪಟ್ಟಿಯಲ್ಲಿ ಬರೆಯುವವರಿಲ್ಲ.

ಅನುದಾನ ಮಕ್ಕಳ ತಲೆಯೆಣಿಕೆಯ ಮೇಲೆ ಬರುತ್ತದೆ ಎಂದೆನಲ್ಲ, ಅದಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದ ಒಂದು ನಿದರ್ಶನದಿಂದ ಅದು ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಚಾರ್ಟರ್ ಶಾಲೆ ಎಂಬ ವ್ಯವಸ್ಥೆಯಿದೆ. ಹಣ ಸರಕಾರದ್ದು, ಶುಲ್ಕವಿಲ್ಲ, ಆದರೆ ಶಾಲೆ ನಡೆಸುವುದು ಒಂದು ಸ್ವತಂತ್ರ ಮಂಡಳಿ. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲು ಕಾನೂನು ಮಾಡಿತು. ಓಹಾಯೊ ರಾಜ್ಯದಲ್ಲಿ 'ಇಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೋ' ಎಂಬ ಶಾಲೆ 2000ದಲ್ಲಿ ಆರಂಭವಾಯಿತು. ಮಕ್ಕಳು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಕಲಿಯುವ ಶಾಲೆ ಅದು. 2015-16ನೇ ಸಾಲಿಗೆ ತನ್ನಲ್ಲಿ 15,000ಕ್ಕೂ ಮಿಕ್ಕಿ ಪೂರ್ಣಾವಧಿ ಮಕ್ಕಳಿದ್ದಾರೆಂದು ಅದು ಹಣ ಪಡೆಯಿತು. ಶಿಕ್ಷಣ ಇಲಾಖೆ ಪುರಾವೆ ಕೇಳಿದಾಗ ದಾಖಲೆ ಸಿಕ್ಕಿದ್ದು ಸುಮಾರು 6,300 ಮಕ್ಕಳಿಗೆ ಮಾತ್ರ. ಆ ಒಂದು ವರ್ಷಕ್ಕೇ 6 ಕೋಟಿ ಡಾಲರ್ ಹಿಂತಿರುಗಿಸಬೇಕೆಂಬ ಆದೇಶ ಬಂತು. 2018ರ ಜನವರಿಯಲ್ಲಿ, ಶಾಲಾ ವರ್ಷದ ನಡುವಿನಲ್ಲೇ, ಶಾಲೆ ಮುಚ್ಚಿತು. ಸುಮಾರು 12,000 ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು. ಲೆಕ್ಕ ತಪ್ಪಿಸಿದವರು ದೊಡ್ಡವರು, ಬೀದಿಗೆ ಬಿದ್ದವರು ಮಕ್ಕಳು.

ನಮ್ಮ ಹಳ್ಳಿಯ ಶಾಲೆಗೂ ಅಮೆರಿಕಕ್ಕೂ ಎಲ್ಲಿಯ ಹೋಲಿಕೆ ಎನ್ನಬೇಡಿ. ಹಣದ ಮೊತ್ತ ಬೇರೆ, ಲೆಕ್ಕದ ಬುಡ ಒಂದೇ: ಹಾಜರಿ ಪುಸ್ತಕ. ಶಾಲೆಯ ಮೊದಲ ಲೆಕ್ಕದ ಪುಸ್ತಕ ಅದೇ. ನೂರ ಒಂದನೇ ಮಗುವಿನ ಹೆಸರು ಪುಸ್ತಕದಲ್ಲಿ ಉಳಿದರೆ ಅನುದಾನ 25,000ದಿಂದ 50,000ಕ್ಕೆ ಏರುತ್ತದೆ. ಆ ಮಗು ಕಳೆದ ವರ್ಷವೇ ಊರು ಬಿಟ್ಟಿದ್ದರೆ? ಇದನ್ನು ತಾಲೂಕು ಕಚೇರಿಯಲ್ಲಿ ಕುಳಿತ ಅಧಿಕಾರಿ ಪತ್ತೆ ಮಾಡಲಾರ. ಯಾರ ಮಗಳು ಯಾವ ಶಾಲೆಗೆ ಹೋಗುತ್ತಾಳೆ, ಯಾರ ಮಗ ಮಂಗಳೂರಿನಲ್ಲಿ ಅಂಗಡಿಗೆ ಸೇರಿದ ಎಂಬುದು ಮೊಹಲ್ಲಾದ ಹೆಂಗಸರಿಗೆ ಗೊತ್ತು.

ಹಾಗಾದರೆ ಸಭೆಯಲ್ಲಿ ಏನನ್ನು ನೋಡಬೇಕು? ಮೊದಲು ಪಾಸ್‌ಬುಕ್ ಅಥವಾ ಬ್ಯಾಂಕಿನ ಸ್ಟೇಟ್‌ಮೆಂಟ್. ಎಸ್‌ಡಿಎಂಸಿ ಖಾತೆ ಮುಖ್ಯೋಪಾಧ್ಯಾಯರ ಮತ್ತು ಸಮಿತಿಯ ಅಧ್ಯಕ್ಷರ ಜಂಟಿ ಹೆಸರಿನಲ್ಲಿರುತ್ತದೆ. ಸಮಗ್ರ ಶಿಕ್ಷಣದ ಹಣಕ್ಕೆ 2021ರ ನಂತರ ಹೊಸ ಪದ್ಧತಿ ಬಂದಿದೆ. ಮೊದಲಿನ ಹಾಗೆ ಹಣ ಶಾಲೆಯ ಖಾತೆಯಲ್ಲಿ ಬಂದು ಕೂರುವುದಿಲ್ಲ. ಇಂತಿಷ್ಟು ಮಿತಿ ಎಂದು ನಿಗದಿ ಮಾಡುತ್ತಾರೆ, ಪಾವತಿ ಮಾಡಿದಾಗ ರಾಜ್ಯದ ಮೂಲ ಖಾತೆಯಿಂದ ಹೋಗುತ್ತದೆ. ಆದ್ದರಿಂದ "ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ" ಎಂದರೆ ಹಣ ಬಂದಿಲ್ಲ ಎಂದು ತಿಳಿಯಬೇಡಿ. ಮಂಜೂರಾದ ಮಿತಿ ಎಷ್ಟು, ಪಾವತಿಯಾದದ್ದು ಎಷ್ಟು ಎಂದು ಕೇಳಿ.

ಅನಂತರ ನಗದು ಪುಸ್ತಕ, ಬಿಲ್ಲುಗಳ ಫೈಲು, ದಾಸ್ತಾನು ಪುಸ್ತಕ, ಸಭೆಯ ನಡಾವಳಿ. ಈ ನಾಲ್ಕೂ ಒಂದೇ ಕಥೆ ಹೇಳಬೇಕು. ಎರಡು ವಾಲಿಬಾಲ್ ಕೊಂಡೆವು ಎಂದು ನಗದು ಪುಸ್ತಕದಲ್ಲಿದ್ದರೆ ಅಂಗಡಿಯ ಬಿಲ್ಲು ಇರಬೇಕು, ಬಿಲ್ಲಿಗೆ ನಂಬರು ಮತ್ತು ತಾರೀಕು ಇರಬೇಕು, ದಾಸ್ತಾನು ಪುಸ್ತಕದಲ್ಲಿ ಎರಡು ಚೆಂಡು ಏರಿರಬೇಕು. ಕೊನೆಗೆ ಎದ್ದು ಹೋಗಿ ಕಪಾಟಿನಲ್ಲಿ ಆ ಎರಡು ಚೆಂಡನ್ನು ನೋಡಬೇಕು. ಎಲ್ಲ ಬಿಲ್ಲುಗಳೂ ಒಂದೇ ಕೈಬರಹದಲ್ಲಿದ್ದರೆ, ಹಾರ್ಡ್‌ವೇರ್ ಅಂಗಡಿಯ ಬಿಲ್ಲಿನಲ್ಲಿ ಪುಸ್ತಕಗಳಿದ್ದರೆ, ವರ್ಷದ ಖರ್ಚೆಲ್ಲ ಮಾರ್ಚ್ ಕೊನೆಯ ವಾರದಲ್ಲೇ ಬಿದ್ದಿದ್ದರೆ ನಿಂತು ಕೇಳಿ.

ಇದಕ್ಕೆ ಬಿ.ಕಾಂ. ಓದಿರಬೇಕಾಗಿಲ್ಲ. ಒಂದು ಲೀಟರ್ ಫಿನಾಯಿಲಿಗೆ ಎಷ್ಟು, ಒಂದು ಪೊರಕೆ ಎಷ್ಟು ದಿನ ಬಾಳುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾವ ಲೆಕ್ಕಪರಿಶೋಧಕನಿಗೆ ಗೊತ್ತು? ಗಲ್ಫಿನಿಂದ ಬಂದ ಹಣದಲ್ಲಿ ಮನೆ, ಮಕ್ಕಳ ಫೀಸು, ಅತ್ತೆಯ ಔಷಧಿ, ಚೀಟಿಯ ಕಂತು ಎಲ್ಲವನ್ನೂ ಹೊಂದಿಸುವವರು ನೀವು. ಕನ್ನಡ ಓದಲು ಬಾರದಿದ್ದರೂ ಹಿಂಜರಿಯಬೇಡಿ. ಉರ್ದು ಶಾಲೆಗಳ ಎಷ್ಟೋ ತಾಯಂದಿರಿಗೆ ಈ ತೊಡಕಿದೆ. "ಸಾರ್, ಹಿಂದಿನ ಸಭೆಯಿಂದ ಇವತ್ತಿನವರೆಗೆ ಆದ ಖರ್ಚನ್ನು ಒಮ್ಮೆ ಎಲ್ಲರಿಗೂ ಕೇಳುವ ಹಾಗೆ ಓದಿ" ಎಂದು ಹೇಳಿದರೆ ಸಾಕು. ಓದಿ ಹೇಳುವವರೆಗೆ ಸಹಿ ಬೇಡ. ಖಾಲಿ ಹಾಳೆಗಂತೂ ಯಾರು ಕೇಳಿದರೂ ಬೇಡ.

ಇಷ್ಟು ಹೇಳಿದ ಮೇಲೆ ಮುಖ್ಯೋಪಾಧ್ಯಾಯರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಸೀಮೆಸುಣ್ಣ ಅಂದೇ ಬೇಕು. ಅನುದಾನ ಮಾತ್ರ ಎಷ್ಟೋ ಬಾರಿ ವರ್ಷದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ತಮ್ಮ ಕಿಸೆಯಿಂದ ಖರ್ಚು ಮಾಡಿ ಶಾಲೆ ನಡೆಸುವ ಮೇಷ್ಟ್ರುಗಳು, ಟೀಚರುಗಳು ಬಹಳ ಮಂದಿ ಇದ್ದಾರೆ. ಅಂಥವರ ಮಾನ ಕಾಯುವುದೂ ಆ ಪುಸ್ತಕಗಳೇ. ಊರಿನಲ್ಲಿ ಯಾರೋ ಗುಸುಗುಸು ಎಬ್ಬಿಸಿದಾಗ "ಇಲ್ಲ, ಪ್ರತಿ ಬಿಲ್ಲನ್ನೂ ನಾವು ನೋಡಿದ್ದೇವೆ" ಎಂದು ಎದ್ದು ನಿಂತು ಹೇಳುವ ನಾಲ್ಕು ತಾಯಂದಿರಿದ್ದರೆ ಒಳ್ಳೆಯ ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ರಕ್ಷಣೆಯಿಲ್ಲ. ಆದ್ದರಿಂದ ಕೇಳುವ ರೀತಿ ಮೃದುವಾಗಿರಲಿ, ಕೇಳುವುದನ್ನು ಮಾತ್ರ ಬಿಡಬೇಡಿ.

ಎಷ್ಟು ಕೇಳಿದರೂ ಪುಸ್ತಕ ತೋರಿಸದವರೂ ಇರುತ್ತಾರೆ. ಅವರಿಗಾಗಿ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳ ಒಳಗಿರಬೇಕು, ಒಂದೇ ವಿಷಯದ ಕುರಿತಾಗಿರಬೇಕು. "ಭ್ರಷ್ಟಾಚಾರ ನಡೆದಿದೆ" ಎಂದು ದೂರು ಬರೆಯಬೇಡಿ. ಇಂಥ ವರ್ಷದ ಶಾಲಾ ಅನುದಾನದ ನಗದು ಪುಸ್ತಕ, ಬಿಲ್ಲುಗಳು ಮತ್ತು ಹಣ ಬಳಕೆ ಪ್ರಮಾಣಪತ್ರದ ಪ್ರತಿ ಕೊಡಿ ಎಂದಷ್ಟೇ ಬರೆಯಿರಿ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ನಮ್ಮದೇ ಸಮುದಾಯದ ಸಂಸ್ಥೆಗಳು ನಡೆಸುವ ಅನುದಾನಿತ ಶಾಲೆಗಳಿವೆ. 2012ರ ತಿದ್ದುಪಡಿಯ ಪ್ರಕಾರ ಅಲ್ಪಸಂಖ್ಯಾತ ಶಾಲೆಗಳಲ್ಲಿ ಹೆತ್ತವರ ಸಮಿತಿ ಸಲಹೆ ಕೊಡಬಹುದಿತ್ತೇ ಹೊರತು ಮೇಲುಸ್ತುವಾರಿ ನಡೆಸುವಂತಿರಲಿಲ್ಲ. ಸಂವಿಧಾನ ಕೊಟ್ಟ ಹಕ್ಕನ್ನು ಕಾಯಲು ಈ ರಿಯಾಯಿತಿ, ಸರಿಯೇ. ಆದರೆ ಅದರ ಮರೆಯಲ್ಲಿ ವಾರ್ಷಿಕ ಲೆಕ್ಕವನ್ನೇ ಹೆತ್ತವರ ಮುಂದೆ ಇಡದ ಆಡಳಿತ ಮಂಡಳಿಗಳಿಲ್ಲವೇ? ಅಲ್ಲಿ ಒಬ್ಬಳಾದರೂ ಹೆಣ್ಣುಮಗಳು ಸದಸ್ಯೆಯಾಗಿದ್ದಾಳೆಯೇ? ಪ್ರವಾದಿ ಮುಹಮ್ಮದ್(ಸ)ರು ಝಕಾತ್ ಸಂಗ್ರಹಿಸಲು ಕಳುಹಿಸಿದ ವ್ಯಕ್ತಿ ಮರಳಿ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕಿದ ಉಡುಗೊರೆ ಎಂದಾಗ, ನೀನು ನಿನ್ನ ಮನೆಯಲ್ಲೇ ಕುಳಿತಿದ್ದರೆ ಅದು ಬರುತ್ತಿತ್ತೇ ಎಂದು ಸರ್ವರೆದುರು ಪ್ರಶ್ನಿಸಿದ ಘಟನೆ ಸಹೀಹ್ ಬುಖಾರಿಯಲ್ಲಿದೆ. ಆತ ಪರಕೀಯನಲ್ಲ, ನಂಬಿ ಕಳುಹಿಸಿದ ಸ್ವಂತ ಜನ.

ಬಿಸಿಯೂಟದ ಅಕ್ಕಿ, ಬೇಳೆ, ಹಾಲಿನ ಪುಡಿಯ ಲೆಕ್ಕ ಬೇರೆಯೇ ಒಂದು ಅಧ್ಯಾಯ. ತಲೆಯೆಣಿಕೆಯ ಪ್ರಶ್ನೆ ಅಲ್ಲಿ ದಿನದಿನವೂ ಏಳುತ್ತದೆ. ಅದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.