ಹೊತ್ತು ಮುಳುಗುವುದರೊಳಗೆ

ಡಿಸೆಂಬರ್ 31ರ ನಡುರಾತ್ರಿ ಸಿಕಂದರಾಬಾದಿನ ಚರ್ಚುಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಗಂಟೆ ಹನ್ನೆರಡು ಹೊಡೆದು, ಹೊಸ ವರ್ಷದ ಪ್ರಾರ್ಥನೆ ಮುಗಿದು, ಜನ ಒಬ್ಬರಿಗೊಬ್ಬರು ಕೈಕುಲುಕುವ ಹೊತ್ತಿಗೆ ಹಲವು ಸಭೆಗಳಲ್ಲಿ ಒಂದು ತಟ್ಟೆ ಸುತ್ತು ಬರುತ್ತದೆ. ಅದರ ತುಂಬ ಮಗುಚಿಟ್ಟ ಪುಟ್ಟ ಕಾರ್ಡುಗಳು. ಮನಸ್ಸಿನಲ್ಲೇ ಪ್ರಾರ್ಥಿಸಿ ಒಂದನ್ನು ಎತ್ತಿಕೊಳ್ಳಬೇಕು. ಬಂದ ವಚನವೇ ಆ ವರ್ಷದ ವಾಗ್ದಾನ. ಕೈಬಿಡುವುದಿಲ್ಲ ಎನ್ನುವ ಮಾತು, ಬಲಪಡಿಸುತ್ತೇನೆ ಎನ್ನುವ ಮಾತು, ನಿನ್ನ ಮನೆಯನ್ನು ಹರಸುತ್ತೇನೆ ಎನ್ನುವ ಮಾತು. ಆ ಕಾರ್ಡು ವರ್ಷವಿಡೀ ಬೈಬಲಿನ ಹಾಳೆಗಳ ನಡುವೆ ಇರುತ್ತದೆ, ಇಲ್ಲವೇ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುತ್ತದೆ. ಆಸ್ಪತ್ರೆಯ ದಿಂಬಿನಡಿ ಅದನ್ನಿಟ್ಟುಕೊಂಡು ಧೈರ್ಯ ತಂದುಕೊಂಡವರಿದ್ದಾರೆ. ಅಂಥ ಆಸರೆಯನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಆ ತಟ್ಟೆಯಲ್ಲಿ ಸಾಮಾನ್ಯವಾಗಿ ಕಾಣಸಿಗದ ಒಂದು ವಚನವಿದೆ: ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ 15ನೆಯದು. ಕೂಲಿಯವನ ಕೂಲಿ ಅಂದಂದೇ ಅವನಿಗೆ ಸಲ್ಲಬೇಕು, ಹೊತ್ತು ಮುಳುಗಿದ ಮೇಲೂ ಅದು ಯಜಮಾನನ ಹತ್ತಿರ ಉಳಿಯಬಾರದು ಎಂಬುದು ಅದರ ಸಾರ. ಕಾರಣವನ್ನೂ ಅಲ್ಲೇ ಹೇಳಿದೆ. ದುಡಿದವನು ಬಡವ, ಅವನ ಜೀವವೆಲ್ಲ ಆ ಕೂಲಿಯ ಮೇಲೇ ಇದೆ.

ಇದೇ ಗಡುವು ಬೈಬಲಿನಲ್ಲಿ ಬೇರೆ ಕಡೆಗಳಲ್ಲೂ ಬರುತ್ತದೆ. ನೆರೆಯವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡವನು ಸಂಜೆಯೊಳಗೆ ಅದನ್ನು ಮರಳಿಸಬೇಕು, ರಾತ್ರಿ ಹೊದೆಯಲು ಅವನಿಗೆ ಬೇರೇನಿದೆ ಎಂದು ವಿಮೋಚನಕಾಂಡ ಕೇಳುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯ ಸಿಟ್ಟನ್ನೂ ಸೂರ್ಯ ಮುಳುಗುವ ಮುನ್ನವೇ ಬಿಡಬೇಕೆನ್ನುತ್ತದೆ. ಕೊಡದೆ ಉಳಿಸಿಕೊಂಡ ಕೂಲಿ, ಪೆಟ್ಟಿಗೆಯಲ್ಲಿ ಉಳಿದ ಹೊದಿಕೆ, ಎದೆಯಲ್ಲಿ ಉಳಿದ ಸಿಟ್ಟು: ಮೂರಕ್ಕೂ ಒಂದೇ ವಾಯಿದೆ. ವರ್ಷದ ವಾಗ್ದಾನವನ್ನು ಎದೆಗೊತ್ತಿಕೊಳ್ಳುವವರು ದಿನದ ಈ ವಾಯಿದೆಯನ್ನೂ ತಮ್ಮದು ಮಾಡಿಕೊಳ್ಳಲಿ ಎಂಬುದೇ ಈ ಮನವಿ.

ಮನವಿ ಮೊದಲು ಸಲ್ಲುವುದು ಈ ಊರಿನ ಕನ್ನಡ ಕ್ರೈಸ್ತರಿಗೆ. ಸಿಕಂದರಾಬಾದಿಗೂ ಕನ್ನಡಕ್ಕೂ ನಂಟು ಹಳೆಯದು. ಬೀದರ್, ಕಲಬುರಗಿ, ರಾಯಚೂರುಗಳು 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದವು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿ ಆರಂಭವಾದಾಗ ಹುಬ್ಬಳ್ಳಿ ವಿಭಾಗವೂ ಅದರಡಿಗೆ ಬಂತು, 2003ರವರೆಗೆ ಅಲ್ಲೇ ಇತ್ತು. ಹಾಗಾಗಿ ವರ್ಗವಾಗಿ ಬಂದು ಇಲ್ಲೇ ನೆಲೆನಿಂತ ಕನ್ನಡದ ರೈಲ್ವೆ ಕುಟುಂಬಗಳೂ ಉಂಟು. ಇಂಥ ಮನೆಗಳಲ್ಲಿ ಅಜ್ಜಿಯರು ಓದುತ್ತಿದ್ದ ಕನ್ನಡ ಬೈಬಲಿನ ಮೂಲ ಬಳ್ಳಾರಿಯಲ್ಲಿದೆ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿದ್ಧವಾಯಿತು. ಎರಡು ಶತಮಾನಗಳ ಹತ್ತಿರದ ಓದು ಅದು. ಆ ಓದು ಸಂಜೆ ಆರರ ಹೊತ್ತಿಗೆ ಮನೆಯೊಳಗೆ, ಅಂಗಡಿಯೊಳಗೆ, ಸೈಟಿನಲ್ಲಿ ಏನು ಮಾಡುತ್ತದೆ ಎಂದು ಕೇಳಿಕೊಳ್ಳುವುದು ನ್ಯಾಯವೇ.

ಬೆಳಗಿನ ಹೊತ್ತು ಹೈದರಾಬಾದ್, ಸಿಕಂದರಾಬಾದುಗಳ ಯಾವುದಾದರೂ ಕೂಲಿ ಅಡ್ಡಾದ ಮುಂದೆ ಹಾದುಹೋದವರಿಗೆ ಆ ನೋಟ ಗೊತ್ತು. ಕೈಚೀಲದಿಂದ ಹಿಡಿ ಹೊರಚಾಚಿದ ಕರಣೆ, ಪಕ್ಕದಲ್ಲಿ ಬುತ್ತಿಯ ಡಬ್ಬಿ, ಹೆಂಗಸರ ಹೆಗಲ ಮೇಲೆ ಸಿಂಬೆ ಸುತ್ತಲು ಇಟ್ಟುಕೊಂಡ ಹಳೆಯ ಟವೆಲ್ಲು. ಪಾಲಮೂರಿನ ತೆಲುಗಿನ ಜೊತೆಗೆ ಯಾದಗಿರಿ, ರಾಯಚೂರು ಕಡೆಯ ಕನ್ನಡವೂ ಅಲ್ಲಿ ಕಿವಿಗೆ ಬೀಳುತ್ತದೆ, ಗುಳೆ ಬಂದವರು. ಬೈಕು ನಿಂತ ತಕ್ಷಣ ಹತ್ತು ಜನ ಸುತ್ತುವರಿಯುತ್ತಾರೆ, ಇಬ್ಬರು ಹೋಗುತ್ತಾರೆ. ಹತ್ತು ಗಂಟೆ ದಾಟಿದ ಮೇಲೂ ನಿಂತವರನ್ನು ಯಾರೂ ಕರೆಯುವುದಿಲ್ಲ, ಆದರೂ ಕೆಲವರು ಬಿಸಿಲಲ್ಲಿ ನಿಂತೇ ಇರುತ್ತಾರೆ.

ಯೇಸು ಹೇಳಿದ ಒಂದು ಸಾಮ್ಯ ಇಂಥ ಅಡ್ಡಾದ್ದೇ. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಒಡೆಯನೊಬ್ಬ ನಸುಕಿನಲ್ಲಿ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ, ನಡುಹಗಲಿಗೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಆಗಲೂ ಅಲ್ಲಿ ಜನ ನಿಂತಿದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ಕರೆದೊಯ್ದು, ಸಂಜೆ ಬಟವಡೆಯಲ್ಲಿ ಅವರಿಗೇ ಮೊದಲು, ಇಡೀ ದಿನದ ಕೂಲಿಯನ್ನೇ ಕೊಡಿಸುತ್ತಾನೆ. ಈ ಕಥೆಯ ಮೇಲೆ ದೇವರ ಕೃಪೆಯನ್ನು ಕುರಿತ ಪ್ರಸಂಗಗಳು ಬೇಕಾದಷ್ಟು ನಡೆದಿವೆ, ನಡೆಯಬೇಕು ಕೂಡ. ಆದರೆ ಕೇಳಿಸಿಕೊಂಡವರು ಮಾರನೆಯ ಬೆಳಗ್ಗೆ ತಮ್ಮ ಮನೆಯ ಗಾರೆ ಕೆಲಸಕ್ಕೆ ಬಂದ ಮೇಸ್ತ್ರಿಗೆ "ಉಳಿದದ್ದು ಬರುವ ವಾರ ನೋಡೋಣ" ಎಂದರೆ, ಆ ಕಥೆ ಬರೀ ಕಿವಿಯ ಮೇಲೆ ಬಿದ್ದಂತಾಯಿತು.

"ಬರುವ ವಾರ" ಎಂಬ ಮಾತಿನ ಭಾರ ಹೇಳಿದವನಿಗೆ ತಿಳಿಯುವುದಿಲ್ಲ. ದಿನಗೂಲಿಯವನ ಮನೆಯಲ್ಲಿ ಅಂದಿನ ದುಡ್ಡಿಗೆ ಅಂದೇ ಅಕ್ಕಿ ಬರಬೇಕು, ಕೋಣೆಯ ಬಾಡಿಗೆ, ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದ ಮಕ್ಕಳ ಖರ್ಚು ಅದರಲ್ಲೇ ಕಳೆಯಬೇಕು. ಬಾರದಿದ್ದರೆ ಅಂಗಡಿಯಲ್ಲಿ ಉದ್ರಿ, ಉದ್ರಿ ಬೆಳೆದರೆ ಕೈಸಾಲ, ಅದರ ಮೇಲೆ ಬಡ್ಡಿ. ಯಾಕೋಬನ ಪತ್ರಿಕೆ ಇದನ್ನು ಎಷ್ಟು ಗಂಭೀರವಾಗಿ ಕಂಡಿತೆಂದರೆ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಎಂದು ಅದರ ಐದನೆಯ ಅಧ್ಯಾಯ ಎಚ್ಚರಿಸುತ್ತದೆ. ದೇಶದ ಕಾನೂನೂ ಇದೇ ಕಡೆಗಿದೆ. ದಿನದ ಲೆಕ್ಕದಲ್ಲಿ ದುಡಿಯುವವರಿಗೆ ಪಾಳಿ ಮುಗಿಯುತ್ತಲೇ, ವಾರದ ಲೆಕ್ಕದವರಿಗೆ ವಾರದ ಕೊನೆಯ ಕೆಲಸದ ದಿನವೇ ಸಂಬಳ ಸಲ್ಲಬೇಕು ಎಂದು 2019ರ ವೇತನ ಸಂಹಿತೆ ಹೇಳುತ್ತದೆ.

ಈ ಮಾತು ಕ್ರೈಸ್ತರಿಗಷ್ಟೇ ಸೇರಿದ್ದೂ ಅಲ್ಲ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಪ್ರವಾದಿ ಮುಹಮ್ಮದರ ಮಾತನ್ನು ಈ ನಗರದ ಮುಸ್ಲಿಂ ನೆರೆಹೊರೆಯವರು ಬಲ್ಲರು. ಕಾಯಕವನ್ನು ಪೂಜೆಯ ಮಟ್ಟಕ್ಕೇರಿಸಿದ ಶರಣರ ನಾಡಿನವರಿಗೆ ದುಡಿದವನ ಪಾಲಿನ ಬೆಲೆ ಬೇರೆ ಹೇಳಬೇಕಿಲ್ಲ. ಒಳ್ಳೆಯ ಕೆಲಸಕ್ಕೆ ಮತದ ಗೋಡೆ ಅಡ್ಡ ಬಾರದ ಉದಾಹರಣೆಗಳೂ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿವೆ. ನಿಜಾಮಾಬಾದಿನ ಬಳಿಯ ಡಿಚ್‌ಪಳ್ಳಿಯಲ್ಲಿ ಕ್ರೈಸ್ತ ಮಿಷನರಿ ಡಾ. ಇಸಬೆಲ್ ಕೆರ್ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಲು ಹೊರಟಾಗ ಕೈಯೆತ್ತಿ ಹಣ ಕೊಟ್ಟವರು ನರಸಾ ಗೌಡ ಎಂಬ ಹಿಂದೂ ಶ್ರೀಮಂತರು.

ಕ್ರಿಸ್ಮಸ್ಸಿಗೆ, ಈಸ್ಟರಿಗೆ ಸಿಕಂದರಾಬಾದಿನಿಂದ ಬಸ್ಸು, ಕಾರು ಮಾಡಿಕೊಂಡು ಮೆದಕ್‌ನ ಮಹಾದೇವಾಲಯಕ್ಕೆ ಹೋಗಿಬರುವ ಕುಟುಂಬಗಳು ಸಾಕಷ್ಟು. ಅದನ್ನು ಕಟ್ಟಿಸಿದ ಚಾರ್ಲ್ಸ್ ವಾಕರ್ ಪಾಸ್ನೆಟ್ ಈ ದೇಶದಲ್ಲಿ ಸೇವೆ ಆರಂಭಿಸಿದ್ದು ಇಲ್ಲೇ, ತಿರುಮಲಗಿರಿಯಲ್ಲಿ, ಬ್ರಿಟಿಷ್ ಸೈನಿಕರ ನಡುವೆ. ದಂಡಿನ ನೆಮ್ಮದಿಯ ಕೆಲಸ ಬಿಟ್ಟು ಅವರು ಮೆದಕ್ ಸೀಮೆಯ ಹಳ್ಳಿಗಳಿಗೆ ಹೋದರು. ಬರ ಬಿದ್ದು ಜನ ಅನ್ನಕ್ಕಾಗಿ ಬಾಗಿಲಿಗೆ ಬಂದಾಗ, ಕಟ್ಟಡದ ಕೆಲಸ ತೆಗೆದು ದುಡಿಮೆಗೆ ಅನ್ನ ಎಂಬ ಏರ್ಪಾಡು ಮಾಡಿದರು. 1914ರಲ್ಲಿ ಶುರುವಾದ ಆ ಕೆಲಸ ಹತ್ತು ವರ್ಷ ನಡೆದು, 1924ರ ಡಿಸೆಂಬರ್ 25ರಂದು ದೇವಾಲಯ ಪ್ರತಿಷ್ಠೆಯಾಯಿತು. ಸುಮಾರು 175 ಅಡಿ ಎತ್ತರದ ಗೋಪುರವನ್ನು, ಬಣ್ಣದ ಗಾಜಿನ ಮೂರು ಕಿಟಕಿಗಳನ್ನು ಎಲ್ಲರೂ ನೋಡಿ ಬರುತ್ತಾರೆ. ಮಕ್ಕಳನ್ನು ಕರೆದೊಯ್ಯುವವರು ಇನ್ನೊಂದು ವಿಷಯ ಹೇಳಲಿ: ಈ ಗೋಡೆಯ ಕಲ್ಲು ಹೊತ್ತವರು ಸಂಜೆ ಮನೆಗೆ ಹೋಗುವಾಗ ಒಲೆ ಹೊತ್ತಿಸುವಷ್ಟು ಗಳಿಸಿರುತ್ತಿದ್ದರು.

ಮಾತಿನ ವಿಚಾರ ಇನ್ನೂ ಕಷ್ಟದ್ದು. ಕೂಲಿಯ ಬಾಕಿ ಲೆಕ್ಕಕ್ಕೆ ಸಿಗುತ್ತದೆ, ಆಡಿದ ಮಾತಿನ ಬಾಕಿ ಸಿಗುವುದಿಲ್ಲ. ದೇವರನ್ನು ಕೊಂಡಾಡಿದ ಬಾಯಿಂದಲೇ ದೇವರ ಹೋಲಿಕೆಯಲ್ಲಿರುವ ಮನುಷ್ಯರನ್ನು ಶಪಿಸುವುದು ಹೇಗೆ ಸರಿ ಎಂದು ಯಾಕೋಬ ಕೇಳಿದ್ದ. ಇಂದು ಆ ಬಾಯಿಯ ಕೆಲಸದಲ್ಲಿ ಅರ್ಧ ಹೆಬ್ಬೆರಳಿನದಾಗಿದೆ. ಬೆಳಗ್ಗೆ ಆರಕ್ಕೆ ಕೀರ್ತನೆಯ ವಚನವೊಂದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಏರುತ್ತದೆ. ಮಧ್ಯಾಹ್ನದೊಳಗೆ ಅದೇ ಫೋನಿನಿಂದ ಒಬ್ಬ ಪಾದ್ರಿಯ ಮೇಲೆ, ಒಬ್ಬ ಹೆಣ್ಣುಮಗಳ ಮೇಲೆ, ಒಂದು ಸಮುದಾಯದ ಮೇಲೆ ಯಾರೋ ಕಳಿಸಿದ ಗುಮಾನಿಯ ಮಾತು ಹತ್ತು ಗುಂಪುಗಳಿಗೆ ಹೋಗುತ್ತದೆ. ನಿಜವೋ ಸುಳ್ಳೋ ನೋಡಿದವರಿಲ್ಲ. ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ, ಅದಕ್ಕಿಂತ ಹೆಚ್ಚಿನದು ಬೇಡ ಎಂದು ಬೆಟ್ಟದ ಮೇಲೆ ಕಲಿಸಿದ ಗುರುವಿನ ಹೆಸರನ್ನು ಆ ಸ್ಟೇಟಸ್ಸು ಹೊತ್ತಿರುತ್ತದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಬೇರೆಯವರ ನಂಬಿಕೆಯ ಬಗ್ಗೆ ಹೇಗೆ ಮಾತಾಡಬೇಕು ಎಂಬುದಕ್ಕೆ ಕನ್ನಡ ಕ್ರೈಸ್ತರು ದೂರ ನೋಡಬೇಕಿಲ್ಲ. ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಷನ್ನಿನ ಪಾದ್ರಿಗಳು. ಬೈಬಲು ಹಿಡಿದು ಊರೂರು ತಿರುಗಿದ ಅವರೇ ಜನರ ಬಾಯಿಂದ, ಹಳೆಯ ಪ್ರತಿಗಳಿಂದ ಸರ್ವಜ್ಞನ ತ್ರಿಪದಿಗಳನ್ನು ಆರಿಸಿ ಕೂಡಿಹಾಕಿದರು. 1924ರಲ್ಲಿ ಅವರು ಹೊರತಂದ ಸಂಗ್ರಹದಲ್ಲಿ ಸುಮಾರು ಎರಡು ಸಾವಿರ ತ್ರಿಪದಿಗಳಿದ್ದವು. ಬಸವಣ್ಣನವರ ಬಗ್ಗೆ ಬರೆದಾಗಲೂ ಅವರ ಲೇಖನಿಯಲ್ಲಿದ್ದದ್ದು ಗೌರವವೇ. ತಮ್ಮ ವಿಶ್ವಾಸವನ್ನು ಅವರು ಮುಚ್ಚಿಡಲಿಲ್ಲ, ಇನ್ನೊಬ್ಬರದನ್ನು ಹಳಿಯಲೂ ಇಲ್ಲ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅಧ್ಯಕ್ಷರನ್ನಾಗಿ ಆರಿಸಿದ್ದು ಈ ಪಾದ್ರಿಯವರನ್ನು. ಆ ಸೇರ್ಪಡೆಯ ಹೊತ್ತಿನ ಗಲಭೆಯ ಗಾಯ ಇನ್ನೂ ಹಸಿಯಾಗಿದ್ದ ಊರಿನಲ್ಲಿ ಅಂಥವರ ದನಿ ಕೇಳಿಸಿದ್ದು ಸಣ್ಣ ಸಂಗತಿಯಲ್ಲ.

ಸಭೆಯೊಳಗಿನ ಮಾತೂ ತಿದ್ದಿಕೊಳ್ಳಬೇಕಾದ್ದಿದೆ. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಮುಂದಿನ ಆಸನ, ಮಾಸಿದ ಬಟ್ಟೆಯವನಿಗೆ ನೆಲ ತೋರಿಸಿದ ಸಭೆಯನ್ನು ಯಾಕೋಬನ ಪತ್ರಿಕೆ ಎರಡನೆಯ ಅಧ್ಯಾಯದಲ್ಲೇ ತರಾಟೆಗೆ ತೆಗೆದುಕೊಂಡಿದೆ. ಮದುವೆಯ ಮಾತುಕತೆಯಲ್ಲಿ "ಅವರು ಮೊದಲು ಯಾವ ಜಾತಿಯವರು" ಎಂಬ ಪ್ರಶ್ನೆ ಈಗಲೂ ಕ್ರೈಸ್ತ ಮನೆಗಳಲ್ಲಿ ಕೇಳಿಬರುತ್ತದೆ. ದೀಕ್ಷಾಸ್ನಾನದ ನೀರು ಮುಟ್ಟಿದ ಮೇಲೆ ಆ ಪ್ರಶ್ನೆ ನಾಲಿಗೆಯ ಮೇಲೆ ಬರಬಾರದು. ಬಂದರೆ, ಕೂತ ಹಿರಿಯರಲ್ಲಿ ಒಬ್ಬರಾದರೂ "ಅದು ಬೇಡ ಬಿಡಿ" ಎನ್ನಬೇಕು.

ಇನ್ನು ಮನಸ್ಸು. ಅದರ ಬಗ್ಗೆ ಇಲ್ಲಿಯದೇ ಒಂದು ನೆನಪು ಹೇಳಬೇಕು. 1897ರ ಆಗಸ್ಟ್ 20ರಂದು ಬೇಗಂಪೇಟೆಯ ಸಣ್ಣ ಆಸ್ಪತ್ರೆಯಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಅಣುಜೀವಿಯನ್ನು ಕಂಡರು. ಆ ಸಂತೋಷದಲ್ಲಿ ರಾಸ್ ಬರೆದ ಪದ್ಯದ ಕೊನೆಗೆ ಬಂದು ಕೂತದ್ದು ಸಾವನ್ನು ನಿನ್ನ ಕೊಂಡಿಯೆಲ್ಲಿ ಎಂದು ಕೇಳುವ ಪೌಲನ ಮಾತು. ವಿಜ್ಞಾನಿ ಅದನ್ನು ಹುಡುಕಿ ತೆಗೆದಿರಲಾರರು. ಚಿಕ್ಕಂದಿನಿಂದ ಒಳಗಿದ್ದದ್ದು ಸಮಯಕ್ಕೆ ಹೊರಬಂತು. ತುಂಬಿಕೊಂಡದ್ದೇ ಹೊರಬರುವುದು ಎಲ್ಲರ ವಿಷಯದಲ್ಲೂ ನಿಜ. ಸತ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು, ಪ್ರೀತಿಗೆ ತಕ್ಕದ್ದು ಯಾವುದೋ ಅದನ್ನೇ ಯೋಚಿಸಿರಿ ಎಂದು ಪೌಲ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿದ್ದುಕೊಂಡು. ಮಲಗುವ ಮುನ್ನ ಒಂದು ಗಂಟೆ ಫೋನಿನಲ್ಲಿ ಜಗಳದ ವೀಡಿಯೋಗಳನ್ನು ನೋಡಿ, ಎರಡು ನಿಮಿಷ ವಚನ ಓದಿದರೆ ತೂಕ ಯಾವ ಕಡೆಗೆ ಬೀಳುತ್ತದೆಂದು ಹೇಳಬೇಕಿಲ್ಲ.

ಸಿಟ್ಟಿನ ವಾಯಿದೆ ಮೀರಿದ ಮನೆಗಳು ಎಲ್ಲ ಸಭೆಗಳಲ್ಲೂ ಇವೆ. ತಂದೆ ಕಟ್ಟಿದ ಮನೆಯ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಭಾನುವಾರ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಾರೆ, ಒಂದೇ ಪಾತ್ರೆಯ ಕರ್ತನ ಭೋಜನಕ್ಕೆ ಎದ್ದು ಬರುತ್ತಾರೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗಿ, ಆಮೇಲೆ ಬಾ ಎಂದ ಯೇಸುವಿನ ಮಾತಿನಲ್ಲಿ ತಪ್ಪು ಯಾರದೆಂಬ ವಿಚಾರಣೆಯೇ ಇಲ್ಲ. ನೆನಪಾದವನು ಮೊದಲು ಏಳಬೇಕು, ಅಷ್ಟೆ. ಆಸ್ತಿ, ಚುನಾವಣೆಗಳ ಮೇಲೆ ಕೋರ್ಟು ಹತ್ತಿದ ಸಭೆಗಳ ಹಿರಿಯರೂ ಇದನ್ನು ತಮಗೇ ಹೇಳಿದ್ದೆಂದು ತಿಳಿಯಲಿ. ಬೇರೆ ಬೇರೆ ಪಂಗಡಗಳಾಗಿದ್ದವರು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದ್ದರು. ಸಿಕಂದರಾಬಾದಿನ ಆಂಗ್ಲಿಕನರೂ ವೆಸ್ಲಿಯನರೂ ಹಾಗೆಯೇ ಒಂದೇ ಸಭೆಯವರಾದರು. ಅಷ್ಟು ದೊಡ್ಡ ಬಿರುಕನ್ನು ಮುಚ್ಚಿದವರ ಮಕ್ಕಳಿಗೆ ಒಂದು ಕಾಂಪೌಂಡಿನ ಗೋಡೆಯ ವಿಚಾರದಲ್ಲಿ ಮಾತಾಡಲು ಆಗದೇ?

ಕೇಳುವುದು ಇಷ್ಟು. ಈ ವರ್ಷದ ಕೊನೆಯ ರಾತ್ರಿ ವಾಗ್ದಾನದ ಕಾರ್ಡುಗಳನ್ನು ಬರೆಯಿಸುವ ಪಾದ್ರಿಗಳು, ಸಭಾಪಾಲಕರು ಆ ತಟ್ಟೆಯಲ್ಲಿ ಧರ್ಮೋಪದೇಶಕಾಂಡದ ಆ ವಚನವನ್ನೂ, ಎಫೆಸದ ಪತ್ರಿಕೆಯ ಆ ವಚನವನ್ನೂ ಸೇರಿಸಲಿ. ಕರ್ತನ ಭೋಜನಕ್ಕೆ ಮುನ್ನ ಐದು ನಿಮಿಷ ಸುಮ್ಮನೆ ಬಿಡಲಿ. ಯಾರಾದರೂ ಎದ್ದು ಇನ್ನೊಂದು ಬೆಂಚಿಗೆ ಹೋಗಲು ಅಷ್ಟು ಸಮಯ ಸಾಕು. ಸಭೆಯ ಆಡಳಿತ ನೋಡುವವರು ಮೊದಲು ತಮ್ಮ ಕಾವಲುಗಾರನ, ಕಸ ಗುಡಿಸುವಾಕೆಯ, ಚರ್ಚಿನ ಶಾಲೆಯ ಆಯಮ್ಮನ ಸಂಬಳ ಬಾಕಿ ಇದೆಯೇ ಎಂದು ಲೆಕ್ಕದ ಪುಸ್ತಕ ತೆಗೆಸಿ ನೋಡಲಿ. ಮನೆಗಳಲ್ಲಿ, ತಿಂಗಳ ಕೊನೆಗೆ ಊರಿಗೆ ಹೋಗುವ ಅವಸರದಲ್ಲಿ ಮನೆಗೆಲಸದಾಕೆಯ ದುಡ್ಡು "ಬಂದಮೇಲೆ" ಎಂದಾಗದಿರಲಿ. ರಿಪೇರಿಗೆ ಬಂದವನು, ಬಣ್ಣ ಬಳಿದವನು, ಪಂಪು ಸರಿಮಾಡಿದವನು ಸಂಜೆ ಸಾಮಾನು ಕಟ್ಟುವ ಹೊತ್ತಿಗೆ ಅವನ ಕೂಲಿ ಎಣಿಸಿ ಸಿದ್ಧವಾಗಿರಲಿ, ಅವನಾಗಿ ಕೇಳುವಂತಾಗಬಾರದು.